ಸಾಲು ನೋಡಿ ಕೊಡುವ ಸಂಬಳ

ಮ್ಯಾನೇಜಿಂಗ್ ಡೈರೆಕ್ಟರಿಗೆ ಎಷ್ಟು ಸಂಬಳ ಕೊಡಬೇಕು, ಹೇಗೆ ಕೊಡಬೇಕು ಎಂದು ಬರೆಯುವುದು ನನ್ನ ಕೆಲಸವಾಗಿತ್ತು ಎಂದರೆ ಕುಂದೂರು ಕಡೆಯ ನನ್ನ ನೆಂಟರು ಈಗಲೂ ನಗುತ್ತಾರೆ. "ಸಂಬಳ ಕೊಡೋನು ಮೇಲಿರ್ತಾನೆ, ಇಸ್ಕಳೋನು ಕೆಳಗಿರ್ತಾನೆ. ನೀನೆಂಗೆ ಮೇಲಿರೋನಿಗೆ ಸಂಬಳ ಬರೀತೀಯ ಮಾರಾಯ್ತಿ?" ಎಂದು ನಮ್ಮ ದೊಡ್ಡಪ್ಪ ಒಮ್ಮೆ ಕೇಳಿದ್ದರು. ಅವರು ರಾಗಿ ಬೆಳೆಯುವವರು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಉತ್ತರ ಇಷ್ಟೇ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಎಂ.ಡಿ.ಯೂ ಸಂಬಳದ ಆಳೇ. ಯಜಮಾನರೆಂದರೆ ಷೇರು ಹಿಡಿದವರು. ಅವರು ಊರೂರಲ್ಲಿ ಚದುರಿಹೋಗಿರುತ್ತಾರೆ. ಅವರ ಪರವಾಗಿ ನಿರ್ದೇಶಕರ ಮಂಡಳಿ ಎಂ.ಡಿ.ಯ ಸಂಬಳವನ್ನು ಗೊತ್ತುಮಾಡುತ್ತದೆ. ಕಾನೂನು ಅದಕ್ಕೊಂದು ಮಿತಿ ಹಾಕುತ್ತದೆ. ವರ್ಷಕ್ಕೊಮ್ಮೆ ಸೇರುವ ಮಹಾಸಭೆಯಲ್ಲಿ ಷೇರುದಾರರು ಕೈಯೆತ್ತಿ ಒಪ್ಪಬೇಕು. ಈ ಎಲ್ಲರ ನಡುವೆ ಓಡಾಡುವ ಕಾಗದಗಳನ್ನು ಬರೆಯುವವಳು ಕಂಪನಿ ಸೆಕ್ರೆಟರಿ. ಹದಿನೆಂಟು ವರ್ಷ ಆ ಕುರ್ಚಿಯಲ್ಲಿ ನಾನು ಕೂತಿದ್ದೆ.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದು, ದೊಡ್ಡವರ ಸಂಬಳಕ್ಕೆ ಒಂದು ಸೂತ್ರ ಹೇಳಿಕೊಡಿ ಎನ್ನುತ್ತಾರೆ. ನನ್ನ ಹತ್ತಿರ ಸೂತ್ರವಿಲ್ಲ. ನಾನೇ ಬರೆದು ಕೆಡಿಸಿದ ಒಂದು ವಾಕ್ಯವಿದೆ. ಅದರ ಕಥೆಯನ್ನು ಹೇಳುತ್ತೇನೆ, ಉಳಿದದ್ದು ಪುಸ್ತಕದಲ್ಲಿದೆ.

ನಮ್ಮದು ಸಣ್ಣ ಕಾಫಿ ಕಂಪನಿ. ಮೂರು ಎಸ್ಟೇಟುಗಳು: ಒಂದು ಸಕಲೇಶಪುರಕ್ಕೆ ಹತ್ತಿರ, ಒಂದು ಆಲೂರು ಕಡೆ, ಮೂರನೆಯದು ಬಿಸಿಲೆಯ ದಾರಿಯಲ್ಲಿ ಗುಡ್ಡದ ಮೇಲೆ. ರಿಜಿಸ್ಟರ್ಡ್ ಆಫೀಸು ಸಕಲೇಶಪುರದಲ್ಲೇ, ಒಂದು ಕಟ್ಟಡದ ಮಹಡಿಯಲ್ಲಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಹೆಡ್ ಕ್ಲಾರ್ಕು ನನಗೆ ಟೈಪ್‌ರೈಟರ್ ತೋರಿಸಿ, "ರಿಬ್ಬನ್ ಹೊಸದು ಹಾಕ್ಸಿದೀನಿ ಕಣಮ್ಮ" ಎಂದರು. ನಾನು ಕಾನೂನಿನ ಪರೀಕ್ಷೆ ಪಾಸು ಮಾಡಿ ಬಂದ ಅಧಿಕಾರಿ ಎಂದು ಅವರಿಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಆದರೂ ಟೈಪ್‌ರೈಟರನ್ನು ವಾಪಸು ತೆಗೆದುಕೊಂಡು ಹೋಗಲಿಲ್ಲ. ಹಾಗಾಗಿ ಸಭೆಯ ನೋಟಿಸುಗಳ ಸ್ಟೆನ್ಸಿಲನ್ನೂ ನಾನೇ ಕುಟ್ಟಿದೆ, ಲಕೋಟೆಗೆ ಅಂಟನ್ನೂ ನಾನೇ ಹಚ್ಚಿದೆ. ಎಡಕುಮೇರಿ ಸ್ಟೇಷನ್ನಿನಲ್ಲಿದ್ದ ಒಬ್ಬ ಷೇರುದಾರರಿಗೆ ಅಂಚೆಯಲ್ಲಿ ಕಳಿಸಿದ್ದು ತಲುಪದೆ, ಎರಡನೆಯ ಪ್ರತಿಯನ್ನು ಗೂಡ್ಸ್ ಗಾಡಿಯ ಗಾರ್ಡಿನ ಕೈಯಲ್ಲಿ ಕೊಟ್ಟು ಕಳಿಸಿದ್ದೂ ಉಂಟು.

ಅಧ್ಯಕ್ಷರು ಕರಿಬಸಪ್ಪನವರು. ಸ್ವಂತಕ್ಕೂ ತೋಟವಿದ್ದ ಹಿರಿಯರು, ಬಿಳಿ ಪಂಚೆ, ಕಡಿಮೆ ಮಾತು. ಎಂ.ಡಿ. ವಿಶ್ವನಾಥ ಸಾಹೇಬರು ಅಸಿಸ್ಟೆಂಟ್ ಮ್ಯಾನೇಜರಾಗಿ ಬಂದು ಮೇಲೇರಿದವರು. ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. ನನ್ನನ್ನು ಕೆಲಸಕ್ಕೆ ಆರಿಸಿದವರೂ ಅವರೇ.

ಮೊದಲ ಎಡವಟ್ಟು ಹಸುವಿನದು. ಎಂ.ಡಿ.ಗೆ ಸಂಬಳದ ಜೊತೆಗೆ ಸಿಗುವ ಸವಲತ್ತುಗಳನ್ನೆಲ್ಲ ಷೇರುದಾರರಿಗೆ ತಿಳಿಸಬೇಕೆಂಬುದು ನಿಯಮ. ಪಟ್ಟಣದ ಕಂಪನಿಗಳಲ್ಲಿ ಕಾರು, ಫೋನು, ಕ್ಲಬ್ಬು ಎಂದು ಬರೆಯುತ್ತಾರೆ. ನಮ್ಮಲ್ಲಿ ಬಂಗಲೆ, ಅಡುಗೆಯವನು, ತೋಟದ ಸೌದೆ ಮತ್ತು ಒಂದು ಹಸು. ತುಂಬ ಪ್ರಾಮಾಣಿಕಳಾಗಿ ನಾನು ನೋಟಿಸಿನಲ್ಲಿ ‘ಕರೆಯುವ ಹಸು ಒಂದು’ ಎಂದು ಸೇರಿಸಿದೆ. ಮಹಾಸಭೆಯಲ್ಲಿ ಆಲೂರು ಕಡೆಯ ಒಬ್ಬ ಷೇರುದಾರರು ಎದ್ದರು.

"ಹಸ ಹಾಲು ಬತ್ತಿಸ್ಬುಟ್ರೆ ಇನ್ನೊಂದ್ ಕೊಡ್ತೀರೋ? ಕರ ಯಾರ್ದು ಸ್ವಾಮಿ, ಕಂಪ್ನೀದೋ ಸಾಹೇಬ್ರುದೋ?"

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ನೋಟಿಸು ತಿರುವಿದೆ, ಅದರಲ್ಲಿ ಕರುವಿನ ಮಾತಿರಲಿಲ್ಲ. "ಕರು ಹಸುವಿಂದು" ಎಂದು ಅವರೇ ಹೇಳಿದರು, ಸಭೆ ನಕ್ಕಿತು. ಸಭೆ ಮುಗಿದ ಮೇಲೆ ನನ್ನನ್ನು ಕರೆದು, "ನಿನ್ನ ಮರ್ಯಾದೆ ಉಳಿಸೋಕೆ ನಗಿಸಿದೆ ಕಣಮ್ಮ. ಅವರು ಕೇಳಿದ್ದು ತಮಾಷೆ ಅಲ್ಲ" ಎಂದರು. ಯಾರಿಗಾದರೂ ಏನನ್ನಾದರೂ ಕೊಡುತ್ತೇವೆ ಎಂದು ಬರೆಯುವ ಮುಂಚೆ, ಅದು ಮುಂದೆ ಏನನ್ನು ಈಯುತ್ತದೆ ಎಂದು ಯೋಚಿಸಬೇಕು ಎಂಬ ಪಾಠ ನನಗೆ ಆವತ್ತೇ ಪುಕ್ಕಟೆಯಾಗಿ ಸಿಕ್ಕಿತ್ತು. ನಾನು ಕಲಿಯಲಿಲ್ಲ. ಮುಂದಿನ ವರ್ಷದ ನೋಟಿಸಿನಲ್ಲಿ ‘ಕರು ಕಂಪನಿಯದು’ ಎಂದು ಸೇರಿಸಿ ಸುಮ್ಮನಾದೆ.

ತೊಂಬತ್ತರ ದಶಕದ ನಡುವೆ ಕಾಫಿಗೆ ಬೆಲೆ ಬಂತು. ಅದುವರೆಗೆ ಬೆಳೆದದ್ದನ್ನೆಲ್ಲ ಸರ್ಕಾರ ಗೊತ್ತುಮಾಡಿದ ಒಂದೇ ಕಡೆ ಒಪ್ಪಿಸಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯುತ್ತಿದ್ದ ಬೆಳೆಗಾರರು ತಮಗೆ ಬೇಕಾದವರಿಗೆ ಮಾರಬಹುದಾಯಿತು. ಸಕಲೇಶಪುರದಲ್ಲಿ ಹೊಸ ಜೀಪುಗಳು ಕಾಣಿಸಿಕೊಂಡವು, ಮದುವೆಗಳು ದೊಡ್ಡದಾದವು. ಅದೇ ಹೊತ್ತಿಗೆ ಎಂ.ಡಿ.ಗಳ ಸಂಬಳದ ಮೇಲೆ ಸರ್ಕಾರ ಹಾಕಿದ್ದ ಕಟ್ಟುಗಳೂ ಸಡಿಲವಾದವು. ಲಾಭದಲ್ಲಿ ನೂರಕ್ಕೆ ಐದರವರೆಗೆ ಕೊಡಬಹುದು, ಹೇಗೆ ಕೊಡುವುದೆಂದು ನೀವೇ ನೋಡಿಕೊಳ್ಳಿ ಎಂಬಂತಾಯಿತು. ವಿಶ್ವನಾಥ ಸಾಹೇಬರಿಗೆ ಬೇರೆ ಕಂಪನಿಯಿಂದ ಕರೆ ಬಂದಿರುವ ಸುದ್ದಿ ನಮ್ಮ ಅಧ್ಯಕ್ಷರ ಕಿವಿಗೆ ಬಿತ್ತು.

"ಅವರನ್ನ ಉಳಿಸ್ಕೋಬೇಕು. ಐದು ವರ್ಷಕ್ಕೆ ಒಂದು ಕರಾರು ಬರಿ. ಲಾಭ ಬಂದರೆ ಅವರಿಗೂ ಬರಲಿ, ಇಲ್ಲದಿದ್ದರೆ ಇಲ್ಲ" ಎಂದು ನನಗೆ ಹೇಳಿದರು.

ನಾನು ಎರಡು ವಾರ ಕೂತು ಬರೆದೆ. ಸ್ಥಿರವಾದ ಸಂಬಳ, ಅದರ ಮೇಲೆ ನಿವ್ವಳ ಲಾಭದಲ್ಲಿ ನೂರಕ್ಕೆ ಮೂರರಷ್ಟು ಕಮಿಷನ್. ಲಾಭವಿಲ್ಲದ ವರ್ಷ ಕಮಿಷನ್ ಇಲ್ಲ. ನನಗೆ ಆಗ ಇದು ತಕ್ಕಡಿಯಷ್ಟು ನ್ಯಾಯವಾಗಿ ಕಂಡಿತು. ಕರಡನ್ನು ಓದಿದ ವಿಶ್ವನಾಥ ಸಾಹೇಬರು ಒಂದೇ ಒಂದು ಬದಲಾವಣೆ ಕೇಳಿದರು.

"ಗಿರಿಜಮ್ಮ, ಸಿಲ್ವರ್ ಮರ ನಾವೇ ನೆಟ್ಟಿದ್ದು. ನೆರಳಿಗೆ ಇರುತ್ತೆ, ಮೆಣಸು ಹಬ್ಬಿಸ್ತೀವಿ, ಬಲಿತ ಮೇಲೆ ಕಡೀತೀವಿ. ಅದೂ ಬೆಳೆಯೇ ಅಲ್ವಾ? ಆ ದುಡ್ಡನ್ನೂ ಲಾಭಕ್ಕೆ ಸೇರಿಸಿ."

ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆಗ ವರ್ಷಕ್ಕೆ ಮಾರುತ್ತಿದ್ದುದು ಗಾಳಿಗೆ ಬಿದ್ದ ನಾಲ್ಕು ಮರ, ಅತಿ ಬಲಿತ ಹತ್ತು ಮರ. ವಕೀಲರನ್ನು ಫೋನಿನಲ್ಲಿ ಕೇಳಿದೆ. ಹಾಗೂ ಅರ್ಥ ಮಾಡಬಹುದು ಎಂದರು. ‘ತೋಟದ ಮರದ ಮಾರಾಟದಿಂದ ಬಂದ ಆದಾಯವನ್ನೂ ತೋಟದ ಉತ್ಪನ್ನದ ಆದಾಯವೆಂದೇ ಪರಿಗಣಿಸತಕ್ಕದ್ದು’ ಎಂದು ಒಂದು ವಾಕ್ಯ ಸೇರಿಸಿದೆ. ಮಂಡಳಿ ಒಪ್ಪಿತು, ಮಹಾಸಭೆ ಚಪ್ಪಾಳೆ ತಟ್ಟಿತು. ಬೆಲೆ ಇರುವ ವರ್ಷದಲ್ಲಿ ಯಾರೂ ಯಾರ ಸಂಬಳವನ್ನೂ ಪ್ರಶ್ನಿಸುವುದಿಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಆಫೀಸಿಗೆ ಕಂಪ್ಯೂಟರ್ ಬಂದದ್ದೂ ಅದೇ ವರ್ಷ. ಹೊಸ ಯಂತ್ರದಲ್ಲಿ ನಾನು ಬರೆದ ಮೊದಲ ಕಾಗದವೇ ಬ್ಯಾಂಕಿಗೆ, ಇನ್ನಷ್ಟು ಸಮಯ ಕೊಡಿ ಎಂದು.

ಆ ಡಿಸೆಂಬರಿನಲ್ಲಿ, ಹಣ್ಣು ಕೊಯ್ಲು ನಡೆಯುತ್ತಿದ್ದಾಗ, ಬಿಸಿಲೆ ಕಡೆಯ ಎಸ್ಟೇಟಿನ ರೈಟರ್ ಪುಟ್ಟೇಗೌಡರು ನಮ್ಮ ಮಹಡಿ ಹತ್ತಿ ಬಂದರು. ರೈಟರ್ ಎಂದರೆ ಆಳುಗಳ ಹಾಜರಿ ಹಾಕುವವರು, ಕೊಯ್ದದ್ದನ್ನು ತೂಗಿಸುವವರು, ಎಸ್ಟೇಟಿನ ಬೆನ್ನುಮೂಳೆ. ಕೊಯ್ಲಿನ ಕಾಲದಲ್ಲಿ ಅವರು ತೋಟ ಬಿಟ್ಟು ಬರುವುದೆಂದರೆ ಮನೆಯಲ್ಲಿ ಸಾವಾಗಿರಬೇಕು. ಅಷ್ಟಾದರೂ ನನಗೆ ಹೊಳೆಯಬೇಕಿತ್ತು.

"ಮೇಲಿನ ಬ್ಲಾಕ್‌ನಲ್ಲಿ ಸಿಲ್ವರ್‌ಗೆಲ್ಲ ನಂಬ್ರ ಹಾಕ್ಬುಟ್ಟವ್ರೆ ಕಣವ್ವ" ಎಂದರು. "ಬಲ್ತಿದ್ದು ಎಳೇದು ಅಂತ ನೋಡ್ನಿಲ್ಲ. ಈ ವರ್ಷ ಅರ್ಧ, ಬರೋ ವರ್ಷ ಅರ್ಧ ಕಡೀತಾರಂತೆ. ಅಲ್ಲಿ ಇರೋದೆಲ್ಲ ಅರೇಬಿಕಾ. ನೆಳ್ಳು ಹೋದ್ರೆ ಕಾಂಡ ಕೊರ್ಯೋ ಹುಳ ಬೀಳ್ತದೆ. ಗಿಡ ಹೋದ್ರೆ ಕೆಲ್ಸ ಹೋಯ್ತದೆ. ನಮ್ ಆಳ್ಗಳ ಲೈನಲ್ಲಿ ನಲವತ್ ಮನೆ ಐತೆ, ಎಲ್ಲಿಗೋಗ್ಬೇಕು ಹೇಳಿ?"

"ಗೌಡ್ರೇ, ಅದು ಮ್ಯಾನೇಜರ್ ನೋಡೋ ವಿಚಾರ. ನನ್ನ ಕೆಲಸ ಷೇರು, ಸಭೆ, ಕಾಗದ ಅಷ್ಟೇ" ಎಂದೆ.

"ನೀವು ಸಾಹೇಬ್ರ ಎದುರ್ಗೆ ಕೂತ್ಕಳೋರು ಅಂತ ಬಂದೆ. ಹೋಗ್ಲಿ ಬುಡಿ" ಎಂದು ಎದ್ದರು.

ನಾನು ಸುಳ್ಳು ಹೇಳಿರಲಿಲ್ಲ. ಅದು ನನ್ನ ವಿಭಾಗವಲ್ಲ ಎಂದು ಮನಸ್ಸಿನಿಂದಲೇ ನಂಬಿದ್ದೆ. ಮಾರ್ಚಿಯೊಳಗೆ ಮೇಲಿನ ಬ್ಲಾಕಿನ ಅರ್ಧ ಮರಗಳು ಲಾರಿಯಲ್ಲಿ ಇಳಿದು ಹೋದವು.

ಮೇ ತಿಂಗಳಲ್ಲಿ ಎಂ.ಡಿ.ಯ ಕಮಿಷನ್ ಲೆಕ್ಕ ಹಾಕಲು ಕೂತೆ. ಕಾಫಿಯಲ್ಲಿ ನಷ್ಟ. ಮೆಣಸನ್ನು ಸೇರಿಸಿದರೂ ನಷ್ಟ. ಮರದ ಹಣವನ್ನು ಸೇರಿಸಿದ ಕೂಡಲೇ ಲಾಭ. ಲಾಭವಿದ್ದರೆ ನೂರಕ್ಕೆ ಮೂರು. ಯಾಕೆ ಸೇರಿಸಬೇಕೆಂದು ಕರಾರು ತೆಗೆದು ನೋಡಿದರೆ, ನನ್ನದೇ ವಾಕ್ಯ ನನ್ನನ್ನು ನೋಡಿತು. ಮರ ನಿಂತಿದ್ದರೆ ಎಂ.ಡಿ.ಗೆ ಬಿಡಿಗಾಸಿಲ್ಲ, ಬಿದ್ದರೆ ಪಾಲು ಎಂದು ನಾನೇ ಬರೆದಿದ್ದೆ. ನಮ್ಮ ದೊಡ್ಡಪ್ಪನ ಹೊಲಕ್ಕೆ ಬೇಲಿ ಹಾಕುವ ಕೆಲಸ ವಹಿಸಿಕೊಂಡು, ದನ ನುಗ್ಗಲು ನಾನೇ ಉಣುಗೋಲು ತೆಗೆದಿಟ್ಟಂತಾಗಿತ್ತು.

ಮಾರನೆಯ ದಿನ ಯಾರಿಗೂ ಹೇಳದೆ ಕಂಪನಿಯ ಜೀಪಿನಲ್ಲಿ ಬಿಸಿಲೆ ಕಡೆಗೆ ಹೊರಟೆ. ಮೇಲಿನ ಬ್ಲಾಕಿನಲ್ಲಿ ಎರಡು ಬಗೆಯ ತೋಟವಿತ್ತು. ಒಂದು ಕಡೆ ನೆರಳು, ಒದ್ದೆ ತರಗೆಲೆ, ಕಡು ಹಸಿರು. ರಸ್ತೆ ದಾಟಿದರೆ ನೆತ್ತಿ ಸುಡುವ ಬಿಸಿಲು, ಬುಡ ಬಿರಿದ ಮಣ್ಣು, ಎಲೆ ಸುಟ್ಟು ಹಳದಿಯಾದ ಗಿಡಗಳು. ಪುಟ್ಟೇಗೌಡರು ಒಂದು ಗಿಡವನ್ನು ಹಿಡಿದು ಸುಮ್ಮನೆ ಅಲ್ಲಾಡಿಸಿದರು, ಅದು ಬುಡದಲ್ಲಿ ಮುರಿದು ಕೈಗೆ ಬಂತು. ಕಾಂಡದೊಳಗೆ ಹುಳ ಕೊರೆದ ದಾರಿ ಕಾಣುತ್ತಿತ್ತು.

"ಗೌಡ್ರೇ, ಮರ ಕಡಿದರೆ ಸಾಹೇಬರಿಗೆ ಪಾಲು ಬರುತ್ತೆ. ಕರಾರು ಹಾಗಿದೆ" ಎಂದೆ. ಬರೆದವಳು ನಾನು ಎಂದು ಹೇಳಲು ಬಾಯಿ ಬರಲಿಲ್ಲ.

ಅವರಿಗೆ ಆಶ್ಚರ್ಯವಾಗಲಿಲ್ಲ. "ನಾವು ನಮ್ ಹೆಣ್ಣಾಳ್ಗೇ ಹಂಗ್ ಕೊಡಲ್ಲ ಕಣವ್ವ" ಎಂದು ಹೇಳಿ, ತಾವು ಕೂಲಿ ಕೊಡುವ ಕ್ರಮವನ್ನು ವಿವರಿಸಿದರು. ದಿನಕ್ಕೆ ಇಷ್ಟು ಕಿಲೋ ಹಣ್ಣು ಕೊಯ್ದರೆ ಕೂಲಿ. ಅದಕ್ಕಿಂತ ಹೆಚ್ಚು ಕೊಯ್ದರೆ ಕಿಲೋಗೆ ಇಷ್ಟೆಂದು ಹೆಚ್ಚಿನ ಹಣ. ಇಷ್ಟು ನನಗೂ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ.

"ಬರೀ ತೂಕುಕ್ಕೇ ದುಡ್ಡು ಅಂದ್ರೆ ಏನ್ಮಾಡ್ತಾರೆ? ಹಣ್ಣು ಕಾಯಿ ನೋಡ್ದೆ ಕೊಂಬೇನೇ ಸವರ್‍ಬುಡ್ತಾರೆ. ತೂಕ ಬತ್ತದೆ, ಬರೋ ವರ್ಷ ಹೂವ ಬಿಡೋ ರೆಕ್ಕೆ ಮುರ್ದೋಯ್ತದೆ. ಅದುಕ್ಕೇ ಹೆಚ್ಚಿನ ದುಡ್ಡಲ್ಲಿ ಅರ್ಧ ಅವತ್ತೇ ಕೊಡ್ತೀನಿ. ಇನ್ನರ್ಧ ಬಟವಾಡೆ ದಿನ, ಅವ್ರವ್ರು ಕೊಯ್ದಿರೋ ಸಾಲು ನಾನು ನೋಡ್ಕಂಡ್ ಬಂದ್ಮೇಲೆ. ರೆಕ್ಕೆ ಮುರ್ದಿದ್ರೆ ಇಲ್ಲ."

"ಇದನ್ನ ನಿಮಗೆ ಯಾರು ಹೇಳಿಕೊಟ್ಟರು?"

"ಯಾರ್ ಹೇಳ್ಕೊಡ್ಬೇಕು? ಒಂದ್ ವರ್ಷ ಮೋಸ ಹೋದೆ, ಕಲ್ತ್ಕಂಡೆ."

ಹತ್ತು ವರ್ಷ ದೊಡ್ಡವರ ಸಂಬಳದ ಕಾನೂನು ಓದಿಕೊಂಡಿದ್ದ ನನಗೆ ನಮ್ಮ ಕಂಪನಿಯೊಳಗೇ ಇದ್ದ ಈ ಪದ್ಧತಿ ಗೊತ್ತಿರಲಿಲ್ಲ. ಇಳಿಯುವ ದಾರಿಯಲ್ಲಿ ಲೈನಿನ ಮುಂದೆ ಜೀಪು ನಿಲ್ಲಿಸಿದಾಗ ಒಬ್ಬಾಕೆ ನೀರು ತಂದುಕೊಟ್ಟು, "ಉಳ್ದಿದ್ ಮರಾನೂ ಕಡೀತಾರಾ ಅಕ್ಕ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಆಫೀಸಿಗೆ ಬಂದವಳೇ ವಿಶ್ವನಾಥ ಸಾಹೇಬರ ಕೋಣೆಗೆ ಹೋದೆ. ಮೇಲಿನ ಬ್ಲಾಕಿನ ಸ್ಥಿತಿ ಹೇಳಿದೆ. ಐದು ವರ್ಷದ ಕರಾರು ಮುಗಿಯುತ್ತಿತ್ತು, ಹೊಸದು ಬರೆಯಬೇಕಿತ್ತು. ಮರದ ವಾಕ್ಯವನ್ನು ಬಿಟ್ಟುಬಿಡೋಣ ಸಾರ್ ಎಂದೆ.

ಅವರು ಕನ್ನಡಕ ತೆಗೆದರು. "ಮಾರ್ಚಿ ಬಟವಾಡೆ ಯಾವ ದುಡ್ಡಲ್ಲಿ ಮಾಡಿದೆ ಅಂದ್ಕೊಂಡಿದ್ದೀರಿ? ಮರ ಮಾರದೆ ಇದ್ದಿದ್ರೆ ಆ ಲೈನಿನವರ ಮನೆಯಲ್ಲಿ ಒಲೆ ಉರೀತಿರಲಿಲ್ಲ. ನಾನು ಕಮಿಷನ್ನಿಗೆ ಕಡಿಸಿದೆ ಅಂತೀರಾ?"

"ಹಾಗನ್ನಲ್ಲ ಸಾರ್. ಆದರೆ ಬಲಿತ ಮರ ಮಾತ್ರ ಕಡಿದಿದ್ದರೂ ಬಟವಾಡೆ ಆಗ್ತಿತ್ತು. ಲಾಭ ಆಗ್ತಿರಲಿಲ್ಲ, ಅಷ್ಟೇ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, "ಆ ವಾಕ್ಯ ಬರೆದವರು ನೀವು" ಎಂದರು. ಅವರು ದುರಾಸೆಯ ಮನುಷ್ಯರಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಎರಡು ದಾರಿ ಎದುರಿಗಿದ್ದಾಗ, ನಾನು ದುಡ್ಡಿಟ್ಟಿದ್ದ ದಾರಿಯ ಕಡೆಗೆ ಅವರ ಕಾಲು ತಾನಾಗಿ ಹೋಗಿತ್ತು. ನಮ್ಮ ಕೆಲಸದಲ್ಲಿ ಕಳ್ಳರು ಸಿಗುವುದು ಕಡಿಮೆ ಮಕ್ಕಳೇ, ಇಂಥವರೇ ಹೆಚ್ಚು.

ಜೂನಿನ ಮಂಡಳಿ ಸಭೆಯಲ್ಲಿ ಮತ್ತೆ ಬಾಯಿಬಿಟ್ಟೆ. ಅಧ್ಯಕ್ಷರು, "ಕಷ್ಟಕಾಲದಲ್ಲಿ ದುಡಿಯೋ ಎತ್ತಿನ ಹುಲ್ಲು ಕಿತ್ಕೋಬಾರದು. ಮುಂದಿನ ಸಲ ನೋಡೋಣ ಕಣಮ್ಮ" ಎಂದರು. ಹಳೆಯ ಕರಾರೇ ಇನ್ನೈದು ವರ್ಷಕ್ಕೆ ಎಂದು ನೋಟಿಸು ಅಚ್ಚಾಯಿತು. ಮಹಾಸಭೆ ಅದನ್ನು ಒಪ್ಪಿದರೆ ಮೇಲಿನ ಬ್ಲಾಕಿನ ಉಳಿದರ್ಧವೂ ಹೋಗುತ್ತದೆ ಎಂದು ತಿಳಿದಿದ್ದೂ, ನೋಟಿಸಿನ ಕೆಳಗೆ ಸಹಿ ಹಾಕಿದವಳು ನಾನೇ. ಕೆಲಸ ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಕಲೇಶಪುರದಲ್ಲಿ ಇನ್ನೊಂದು ಅಂಥ ಕೆಲಸ ಇರಲಿಲ್ಲ, ನನಗೆ ಧೈರ್ಯವೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಮಹಾಸಭೆ. ನಮ್ಮ ಮಹಾಸಭೆಗೆ ಬರುವವರಲ್ಲಿ ಮುಕ್ಕಾಲು ಪಾಲು ಕಾಫಿಪುಡಿ ಪೊಟ್ಟಣಕ್ಕೂ ಉಪ್ಪಿಟ್ಟಿಗೂ ಬರುತ್ತಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರ ಪಕ್ಕದಲ್ಲಿ ನನ್ನ ಕುರ್ಚಿ. ಯಾರಾದರೂ ಪ್ರಶ್ನೆ ಕೇಳಿದರೆ ನಾನು ಉತ್ತರವನ್ನು ಚೀಟಿಯಲ್ಲಿ ಬರೆದು ಸರಿಸಬೇಕು, ಅಧ್ಯಕ್ಷರು ಓದಬೇಕು. ಸೆಕ್ರೆಟರಿ ಸಭೆಯಲ್ಲಿ ಬಾಯಿ ತೆರೆಯುವ ಪದ್ಧತಿಯೇ ಇರಲಿಲ್ಲ.

ಎಂ.ಡಿ.ಯ ಕರಾರಿನ ವಿಷಯ ಬಂದಾಗ ಹಿಂದಿನ ಬೆಂಚಿನಿಂದ ಪುಟ್ಟೇಗೌಡರು ಎದ್ದರು. ಕಂಪನಿ ಷೇರು ಬಿಟ್ಟಾಗ ನೌಕರರಿಗೆಂದು ಕೊಟ್ಟ ಇಪ್ಪತ್ತೈದು ಷೇರು ಅವರ ಹತ್ತಿರವೂ ಇತ್ತು. ಅವರನ್ನು ಕೆಲಸದಿಂದ ತೆಗೆಯಬಲ್ಲವರೆಲ್ಲ ವೇದಿಕೆಯ ಮೇಲೆಯೇ ಕೂತಿದ್ದರು.

"ಅಧ್ಯಕ್ಷ್ರೇ, ನಾನೂ ಷೇರ್ ಮಡೀಕಂಡಿದೀನಿ, ಅದುಕ್ಕೇ ಕೇಳ್ತಿದೀನಿ. ನೋಟೀಸನ್ನ ನಮ್ ಸೊಸೆ ಕೈಲಿ ಓದುಸ್ದೆ. ಮರದ್ ದುಡ್ಡಲ್ಲೂ ಸಾಹೇಬ್ರಿಗೆ ಪಾಲು ಅಂತ ಐತಂತೆ. ಇದ್ನ ಬರ್ದೋರು ಯಾರು?"

ಅಧ್ಯಕ್ಷರು ಚೀಟಿಗಾಗಿ ಕೈ ಚಾಚಿದರು. ಇಂಥ ಪ್ರಶ್ನೆಗೆ ಉತ್ತರ ನನಗೆ ಬಾಯಿಪಾಠ: ‘ವೃತ್ತಿಪರ ಸಲಹೆ ಪಡೆದು ಮಂಡಳಿಯು ನಿರ್ಧರಿಸಿದೆ.’ ‘ವೃತ್ತಿಪರ’ ಎಂಬಷ್ಟು ಬರೆದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಮೇ ತಿಂಗಳಿಂದ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡು ಸಾಕಾಗಿತ್ತು. ಇಳಿಸಿಯೇ ಬಿಡೋಣ ಎನಿಸಿತು. ಎದ್ದು ನಿಂತೆ.

"ನಾನು ಬರೆದದ್ದು ಗೌಡ್ರೇ."

ಸಭೆಯಲ್ಲಿ ಪೊಟ್ಟಣಗಳ ಸದ್ದೂ ನಿಂತಿತು. ಅಧ್ಯಕ್ಷರು "ಕೂತ್ಕೋಮ್ಮ" ಎಂದು ಮೆಲ್ಲಗೆ ಗದರಿದರು. ವಿಶ್ವನಾಥ ಸಾಹೇಬರು ಮೇಜನ್ನೇ ನೋಡುತ್ತಿದ್ದರು. ಪುಟ್ಟೇಗೌಡರು ಮಾತ್ರ ನನ್ನ ಮುಖವನ್ನು ನೋಡಿದರು. ತೋಟದಲ್ಲಿ ಅಷ್ಟು ಹೊತ್ತು ಜೊತೆಯಲ್ಲಿ ನಡೆದೂ ನಾನು ಮುಚ್ಚಿಟ್ಟದ್ದು ಅವರಿಗೆ ಆಗ ಗೊತ್ತಾಯಿತು.

"ನೀವಾ?" ಎಂದರು. "ಹಂಗಾರೆ ತಿದ್ದಾಕೂ ನಿಮ್ಗೇ ಬರ್‍ಬೇಕು. ಮರ ತೆಗ್ದಾಕಿ. ಮಿಕ್ಕಿದ್ದರಲ್ಲಿ ಅರ್ಧ ಈಗ ಕೊಡಿ, ಅರ್ಧ ಸಾಲ್ ನೋಡಿ ಕೊಡಿ."

"ನೋಟಿಸು ಅಚ್ಚಾದ ಮೇಲೆ ಈಗ ತಿದ್ದೋಕೆ ಬರುತ್ತೇನಮ್ಮ?" ಎಂದು ಅಧ್ಯಕ್ಷರು ನನ್ನತ್ತ ಬಾಗಿ ಕೇಳಿದರು. ಬರುವುದಿಲ್ಲ ಎಂದು ಹೇಳಲಿ ಎಂಬ ಆಸೆ ಅವರ ದನಿಯಲ್ಲಿತ್ತು.

"ಸಂಬಳ ಹೆಚ್ಚಿಸೋಕೆ ಬರಲ್ಲ ಸಾರ್. ತಗ್ಗಿಸೋಕೆ ಅಡ್ಡಿಯಿಲ್ಲ" ಎಂದೆ.

ಪುಟ್ಟೇಗೌಡರ ಮಾತನ್ನು ಅಲ್ಲೇ ಕೂತು ಕಾನೂನಿನ ಭಾಷೆಗೆ ಇಳಿಸಿದೆ: ಮರದ ಮಾರಾಟದ ಆದಾಯವನ್ನು ಕೈಬಿಡತಕ್ಕದ್ದು, ಕಮಿಷನ್ನಿನ ಅರ್ಧಭಾಗವನ್ನು ಮೂರು ವರ್ಷ ತಡೆಹಿಡಿದು, ಮೇಲಿನ ಬ್ಲಾಕಿನ ಸ್ಥಿತಿಯನ್ನು ಪರಿಶೀಲಿಸಿದ ನಂತರವೇ ಪಾವತಿಸತಕ್ಕದ್ದು. ಅವರು ಹೇಳಿದಾಗ ಮೂರು ಮಾತಿದ್ದದ್ದು ನನ್ನ ಕೈಯಲ್ಲಿ ಅರ್ಧ ಪುಟವಾಯಿತು. ಆಲೂರು ಕಡೆಯ ಬೆಳೆಗಾರರೊಬ್ಬರು ಅನುಮೋದಿಸಿದರು. ಕೈಗಳು ಎದ್ದವು, ಮೊದಲು ಹಿಂದಿನ ಬೆಂಚಿನಲ್ಲಿ, ಆಮೇಲೆ ನಡುವೆ. ಎಣಿಸುವ ಕೆಲಸ ನನ್ನದು, ಎರಡು ಸಲ ಎಣಿಸಿದೆ. ತಿದ್ದುಪಡಿ ಗೆದ್ದಿತು.

ಆವತ್ತು ಸಂಜೆ ವಿಶ್ವನಾಥ ಸಾಹೇಬರು ನನ್ನ ಮೇಜಿನ ಹತ್ತಿರ ಬಂದರು. "ಅಷ್ಟು ಜನರ ಎದುರಿಗೆ ಹೇಳೋ ಬದಲು ನನ್ನ ಹತ್ತಿರ ಹೇಳಬಹುದಿತ್ತು."

"ಮೇ ತಿಂಗಳಲ್ಲಿ ಹೇಳಿದ್ದೆ ಸಾರ್."

"ಹೌದು, ಹೇಳಿದ್ರಿ" ಎಂದು ಹೊರಟುಹೋದರು. ಅಧ್ಯಕ್ಷರು ಮಾತ್ರ ಹದಿನೈದು ದಿನ ನನ್ನೊಡನೆ ಚೀಟಿಯಲ್ಲೇ ಮಾತಾಡಿದರು.

ಹಳೆಯ ಕರಾರಿನ ಕಮಿಷನ್ನನ್ನು ವಿಶ್ವನಾಥ ಸಾಹೇಬರು ತೆಗೆದುಕೊಂಡರು. ಅದು ಅವರಿಗೆ ಸಲ್ಲಬೇಕಾದದ್ದು, ಚೆಕ್ಕಿನ ಕಾಗದವನ್ನು ನಾನೇ ತಯಾರಿಸಿದೆ. ಮೇಲಿನ ಬ್ಲಾಕಿನ ಉಳಿದ ಮರಗಳ ಮೇಲಿನ ನಂಬರುಗಳನ್ನು ಅವರು ಅಳಿಸಿಸಿದರು. ಆದರೆ ಕಡಿದ ಅರ್ಧದಲ್ಲಿ ಹುಳ ನಿಲ್ಲಲಿಲ್ಲ. ಗಿಡಗಳನ್ನು ಕಿತ್ತು ಸುಡಬೇಕಾಯಿತು. ಲೈನಿನ ಮನೆಗಳಲ್ಲಿ ಸುಮಾರು ಅರ್ಧ ಖಾಲಿಯಾದವು. ಕೆಲವರು ಆಲೂರು ಕಡೆಯ ನಮ್ಮ ಎಸ್ಟೇಟಿಗೆ ಹೋದರು, ಕೆಲವರು ಶುಂಠಿ ಗದ್ದೆಗಳಿಗೆ. ನೀರು ಕೊಟ್ಟ ಆ ಹೆಂಗಸು ಎಲ್ಲಿಗೆ ಹೋದಳೋ ಎಂದು ಕೇಳಿದೆ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಲೈನು ಖಾಲಿಯಾದ ಸುದ್ದಿ ಕೇಳಿದ ದಿನ ನನಗೆ ಆಫೀಸಿನಲ್ಲೇ ಅಳು ಬಂದಿತ್ತು.

ಆಮೇಲೆ ಬೆಲೆ ಚೇತರಿಸಿಕೊಂಡು ಮತ್ತೆ ಲಾಭ ಬಂತು. ಮೂರು ವರ್ಷ ಕಳೆದು, ಆ ಕಮಿಷನ್ನಿನಲ್ಲಿ ತಡೆಹಿಡಿದ ಅರ್ಧವನ್ನು ಕೊಡುವ ದಿನ ಬಂತು. ಅಷ್ಟರಲ್ಲಿ ದೊಡ್ಡವರ ಸಂಬಳ ನೋಡಲು ಮಂಡಳಿಯೊಳಗೇ ಒಂದು ಸಮಿತಿ ಬೇಕು ಎಂಬ ಹೊಸ ಕ್ರಮ ಬಂದಿತ್ತು. ನಮ್ಮ ಸಮಿತಿಯಲ್ಲಿದ್ದ ಮೂವರೂ ಎಪ್ಪತ್ತು ದಾಟಿದವರು, ಗುಡ್ಡ ಹತ್ತಲಾರರು. ಕರಿಬಸಪ್ಪನವರೇ ದಾರಿ ಹೇಳಿದರು: "ಪುಟ್ಟೇಗೌಡನ್ನ ಕಳ್ಸಿ. ಸಾಲು ನೋಡೋದು ಅವನಿಗೆ ಗೊತ್ತು."

ಪುಟ್ಟೇಗೌಡರು ಆಗ ನಿವೃತ್ತರು. ಬೆಳಗ್ಗೆ ಕೋಲು ಹಿಡಿದು ಬಂದರು, ಅವರ ಹಿಂದೆ ವಿಶ್ವನಾಥ ಸಾಹೇಬರು, ಅವರ ಹಿಂದೆ ಪೆನ್ನು ಹಿಡಿದ ನಾನು. ಒಂದು ಕಂಪನಿಯ ಎಂ.ಡಿ. ತನ್ನ ಹಳೆಯ ರೈಟರ ಹಿಂದೆ ಸಾಲು ಸಾಲಾಗಿ ನಡೆದು, ಅವರು ನಿಂತಲ್ಲಿ ನಿಂತು, ಅವರು ಬಗ್ಗಿದಲ್ಲಿ ಬಗ್ಗಿ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ಕೇಳಿಲ್ಲ. ಉಳಿದಿದ್ದ ನೆರಳಿನ ಭಾಗ ಚೆನ್ನಾಗಿತ್ತು. ಕಡಿದ ಭಾಗದಲ್ಲಿ ಸಾಹೇಬರು ನೆರಳಿಗೆಂದು ಹಾಲುವಾಣ, ಸಿಲ್ವರ್ ಸಸಿಗಳನ್ನು ನೆಡಿಸಿದ್ದರು, ಹೊಸ ಕಾಫಿ ಸಸಿಗಳೂ ಇದ್ದವು. ಆದರೆ ತುದಿಯ ಇಳಿಜಾರು ಹಾಗೇ ಬೋಳಾಗಿತ್ತು.

ಮಧ್ಯಾಹ್ನ ದಾಟಿದ ಮೇಲೆ ಪುಟ್ಟೇಗೌಡರು ಒಂದು ಬಂಡೆಯ ಮೇಲೆ ಕೂತು ತೀರ್ಪು ಹೇಳಿದರು. "ನೆಟ್ಟಿರೋದ್ ಸೈ. ತುದೀಗೆ ನೆಟ್ಟಿಲ್ಲ. ಪೂರ್ತಿ ಕೊಡೋಕಾಗಲ್ಲ ಸಾಹೇಬ್ರೆ. ಮಡಗಿರೋದ್ರಲ್ಲಿ ಅರ್ಧ ಕೊಡ್ಬೋದು."

"ಬರ್ಕೊಳ್ಳಿ ಗಿರಿಜಮ್ಮ" ಎಂದರು ವಿಶ್ವನಾಥ ಸಾಹೇಬರು. ದನಿಯಲ್ಲಿ ಸಿಟ್ಟಿರಲಿಲ್ಲ. ತುದಿಗೆ ಮಳೆಗಾಲದ ಮುಂಚೆಯೇ ಸಸಿ ತರಿಸುತ್ತೇನೆ ಎಂದು ಹೇಳಿ, ಮ್ಯಾನೇಜರನ್ನು ನೋಡಲು ಬಂಗಲೆಯ ಕಡೆಗೆ ಇಳಿದುಹೋದರು. ನಾನೂ ಪುಟ್ಟೇಗೌಡರೂ ಜೀಪಿಗಾಗಿ ಕಾಯುತ್ತ ಕೂತೆವು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ ಅವ್ವ" ಎಂದರು. "ಮೊದ್ಲು ಮರದ್ ಕಾಗ್ದ ಬರುದ್ರಲ್ಲ, ಅವತ್ತು ನಿಮ್ಗೇನಾದ್ರೂ ಕೊಟ್ರಾ?"

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಮಂಡಳಿಯವರು ಕೇಳಿರಲಿಲ್ಲ, ಷೇರುದಾರರು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಎರಡು ಇನ್‌ಕ್ರಿಮೆಂಟ್ ಕೊಟ್ಟರು ಗೌಡ್ರೇ. ಕರಾರು ಚೆನ್ನಾಗಿ ಬರೆದಿದ್ದಾಳೆ ಅಂತ."

"ಅದ್ರಲ್ಲಿ ಅರ್ಧ ಮಡೀಕಂಡಿದ್ರಾ?"

"ಇಲ್ಲ. ಪೂರ್ತಿ ಕೊಟ್ಟರು."

"ಈಗ್ಲೂ ಬತ್ತಾ ಐತಾ?"

"ಬರ್ತಾ ಇದೆ. ತಿಂಗಳು ತಿಂಗಳೂ."

ಅವರು ಬೋಳು ಇಳಿಜಾರಿನ ಕಡೆಗೆ ನೋಡಿದರು. "ಹೂಂ" ಎಂದರು. ಕೋಲೂರಿ ಎದ್ದು ಜೀಪಿನ ದಾರಿ ನೋಡುತ್ತ ನಿಂತರು. ನಾನು ನಿವೃತ್ತಳಾಗುವ ತಿಂಗಳವರೆಗೂ ಆ ಎರಡು ಇನ್‌ಕ್ರಿಮೆಂಟ್ ನನ್ನ ಸಂಬಳದಲ್ಲಿತ್ತು, ಗ್ರಾಚ್ಯುಟಿಯ ಲೆಕ್ಕಕ್ಕೂ ಸೇರಿತು. ಅದನ್ನು ತಡೆಹಿಡಿಯಿರಿ ಎಂದು ನಾನು ಯಾವ ಸಮಿತಿಗೂ ಕಾಗದ ಬರೆಯಲಿಲ್ಲ.